ಹುಲೆಪ್ಪನ ಉಸುಕಿನ ಹಾದಿ

ಮಾದನಹಿಪ್ಪರಗಾದ ಹುಲೆಪ್ಪ ಒಂದು ಕಡೆ ಕೂಡುವ ಮನುಷ್ಯನೇ ಅಲ್ಲ. ಮದುವೆಯ ಪಂಕ್ತಿಯಲ್ಲಿ ಹುಗ್ಗಿ ಬಡಿಸುವ ಮೊದಲೇ ಎದ್ದು, ಹೊರಗೆ ನಿಲ್ಲಿಸಿದ ತನ್ನ ಫಟಫಟಿ ಮೋಟಾರ್‌ಸೈಕಲ್ಲನ್ನು ಮುಟ್ಟಿ ನೋಡಿ ಬರುತ್ತಿದ್ದ. ಶಾಲೆ ನಡುವೆ ಬಿಟ್ಟ. ಬಾವಿ ತೋಡಿಸಲು ಹಿಡಿದು, ಬಂಡೆ ಬಂತೆಂದು ಬಿಟ್ಟ. ಹೊಸ ಮನೆಯ ಗೋಡೆ ಎದೆಮಟ್ಟ ಬಂದು ನಿಂತಿತ್ತು. ಅದರ ಮೇಲೆ ಕೋಳಿ ಕೂಡುತ್ತಿದ್ದವು. ತೊಗರಿ ರಾಶಿಯೊಂದು ಮಾತ್ರ ವರ್ಷಾ ವರ್ಷಾ ಪೂರ್ತಿಯಾಗುತ್ತಿತ್ತು, ಯಾಕೆಂದರೆ ಅದನ್ನು ಅವನ ಹೆಂಡತಿ ಮಾಣಿಕಮ್ಮ ಮುಂದೆ ನಿಂತು ಮಾಡಿಸುತ್ತಿದ್ದಳು.

ಆ ಹಳೆಯ ಯೆಜ್ಡಿ ಫಟಫಟಿ ಮಾತ್ರ ಅವನ ಕೈ ಬಿಟ್ಟಿರಲಿಲ್ಲ. ಎರಿ ಹೊಲದ ಕರಿಮಣ್ಣಿನಲ್ಲಿ ಗಾಡಿ ಓಡಿಸುವುದೆಂದರೆ ಹುಡುಗಾಟವಲ್ಲ. ಮಳೆಗಾಲದಲ್ಲಿ ಜಿಗಟು ಮಣ್ಣು ಗಾಲಿಗೆ ಮೆತ್ತಿ ಗಾಲಿಯೇ ತಿರುಗದಂತಾಗುತ್ತದೆ. ಬೇಸಿಗೆಯಲ್ಲಿ ನೆಲ ಬಾಯಿ ಬಿಟ್ಟು, ಆ ಬಿರುಕಿನಲ್ಲಿ ಗಾಲಿ ಸಿಕ್ಕರೆ ಸವಾರ ಮುಂದೆ ಹೋಗಿ ಬೀಳುತ್ತಾನೆ. ಹುಲೆಪ್ಪನಿಗೆ ಬಿರುಕು ದೂರದಿಂದಲೇ ಕಾಣುತ್ತಿತ್ತು. ಬಿರುಕು ಕಂಡರೆ ಬಿಡು, ನುಣ್ಣಗಿದ್ದಲ್ಲಿ ಹೋಗು. ಇಷ್ಟೇ ಅವನ ವಿದ್ಯೆ. ಆ ವಿದ್ಯೆಯಲ್ಲೇ ಜೇವರ್ಗಿಯ ಹೊಲದ ಪಂದ್ಯದಲ್ಲಿ ಎಲ್ಲರಿಗಿಂತ ಮುಂದೆ ಬಂದಿದ್ದ.

ತೊಂಬತ್ತೊಂದರ ಚಳಿಗಾಲ. ಖಜೂರಿ ಊರಿನ ಲಾರಿ ಡ್ರೈವರ್ ಧರ್ಮಣ್ಣ ತೊಗರಿಬೇಳೆ ಹೇರಿಕೊಂಡು ರಾಜಸ್ಥಾನಕ್ಕೆ ಹೋಗಿ, ಬರುವಾಗ ಹಾಸುಗಲ್ಲು ತರುತ್ತಿದ್ದ. ಆಳಂದ ಬಸ್‌ಸ್ಟ್ಯಾಂಡಿನ ಹತ್ತಿರ ಹುಲೆಪ್ಪನ ಗೆಳೆಯ ಮೆಹಬೂಬನ ಗ್ಯಾರೇಜಿನಲ್ಲಿ ಕೂತು ಅವನೇ ಸುದ್ದಿ ಹೇಳಿದ.

“ಅಲ್ಲಿ ಪಂದ್ಯ ಕಟ್ಟಿ ಉಸುಕಿನಾಗ ಫಟಫಟಿ ಓಡಸ್ತಾರ, ದಿನಾ ಒಂದೂರಿಂದ ಇನ್ನೊಂದೂರಿಗೆ. ಯಾರ ಬೇಕಾದ್ರೂ ಹೋಗಬಹುದಂತ. ಹೊತ್ತು ಮುಣಗೂದ್ರಾಗ ಆ ದಿನದ ಕಡೀ ಗೇಟ್ ಮುಟ್ಟಬೇಕು. ಮುಟ್ಟಲಿಲ್ಲಂದ್ರ ಹೊರಗ ಹಾಕ್ತಾರ.”

“ಇಂವಗೇನ್ ಹೊರಗ ಹಾಕ್ತಾರ? ಇಂವ ಮನ್ಯಾಗ ಯಾವಾಗ ಇದ್ದಾನ!” ಎಂದು ಮೆಹಬೂಬ ನಕ್ಕ. ಹುಲೆಪ್ಪ ನಗಲಿಲ್ಲ. ಆಗಲೇ ಎದ್ದು ನಿಂತಿದ್ದ.

ಮನೆಯಲ್ಲಿ ಮಾಣಿಕಮ್ಮ ಜೋಳ ಹಸನ ಮಾಡುತ್ತಿದ್ದಳು. ಎಲ್ಲ ಕೇಳಿಸಿಕೊಂಡಳು.

“ಹೋಗಬ್ಯಾಡ್ರಿ ಅನ್ನಂಗಿಲ್ಲ. ಆದ್ರ ಇದೊಂದರೆ ತುದಿ ಮುಟ್ಟಿಸಿ ಬರ್ರಿ. ಈ ಸಲಾನೂ ನಡುವ ಬಿಟ್ಟು ಬಂದ್ರ ಫಟಫಟಿ ಮಾರೂದು. ಆಮ್ಯಾಗ ಎತ್ತಿನ ಬಂಡ್ಯಾಗ ಓಡ್ಯಾಡ್ರಿ.”

“ಹೂಂ ಬೇ, ಮಾತು ಕೊಟ್ಟೆ.”

“ಮಾತು ಕೊಡೂದ್ರಾಗ ನೀವೇನು ಕಡಿಮಿಲ್ಲ ಬಿಡ್ರಿ.”

ಆ ಮಾತು ಅವನಿಗೆ ನಾಟಿತು. ಧರ್ಮಣ್ಣನ ಲಾರಿಯಲ್ಲಿ ಬೇಳೆಚೀಲಗಳ ನಡುವೆ ಫಟಫಟಿ ಕಟ್ಟಿಕೊಂಡು ಅವನೂ ಮೆಹಬೂಬನೂ ಹೊರಟರು. ಹಾದಿಯುದ್ದಕ್ಕೂ ಹುಲೆಪ್ಪ ಹಗ್ಗ ಬಿಚ್ಚಿ ಮತ್ತೆ ಕಟ್ಟಿದ. ಸ್ಪಾನರ್ ಚೀಲ ತಲೆಗಿಟ್ಟು ಮಲಗಿದ್ದ ಮೆಹಬೂಬನಿಗೆ ಸಾಕಾಯಿತು. “ಹುಲ್ಯಾ, ಹಗ್ಗ ಸವೀತಾವಲೇ. ಸುಮ್ಮ ಕುಂದ್ರು!”

ಪಂದ್ಯ ಹೊರಡುವಲ್ಲಿ ಮೊಣಕಾಲ ತನಕ ಚರ್ಮದ ಬೂಟು ಹಾಕಿದವರೇ ಹೆಚ್ಚು. ಪುಣೆಯ ಸವಾರನೊಬ್ಬ ಮರಾಠಿಯಲ್ಲಿ ಯಾವ ಕ್ಲಬ್ಬು ಎಂದು ಕೇಳಿದ. ಕ್ಲಬ್ಬಿಲ್ಲ, ಮಾದನಹಿಪ್ಪರಗಾ ಎಂದ ಹುಲೆಪ್ಪ. ಅದು ಎಲ್ಲಿದೆ ಎಂದು ಆತ ಕೇಳುವಷ್ಟರಲ್ಲಿ ಇವನು ಕಿಕ್ ಹೊಡೆದಿದ್ದ.

ಮೊದಲ ದಿನಗಳು ಹೇಗೋ ಸಾಗಿದವು. ಬಿದ್ದ, ಎದ್ದ, ಗೇಟು ಮುಟ್ಟಿದ. ಮೆಹಬೂಬ ಪುಣೆಯವರ ಜೀಪಿನಲ್ಲಿ ಜಾಗ ಕೇಳಿಕೊಂಡು ಪ್ರತಿ ಗೇಟಿಗೂ ಮೊದಲೇ ಬಂದು, ಚೈನು ಬಿಗಿದು, ಬೈದು ಕಳಿಸುತ್ತಿದ್ದ. ಕೊನೆಯ ದಿನಕ್ಕೆ ಒಂದು ದಿನ ಮೊದಲು ಹುಲೆಪ್ಪ ಒಂದು ಬಯಲಿಗೆ ಬಂದ. ಎಡಕ್ಕೆ ಒಣಗಿದ ಕೆರೆಯಂಥ ನೆಲ, ತುಂಬ ಬಿರುಕು. ಬಲಕ್ಕೆ ಇಸ್ತ್ರಿ ಮಾಡಿದ ಧೋತರದಂತೆ ನುಣ್ಣಗಿನ ಉಸುಕು. ಯೋಚಿಸಲಿಲ್ಲ. ಅವನ ಕೈಯೇ ಬಲಕ್ಕೆ ತಿರುಗಿತು.

ಆ ಬಿರುಕಿನ ನೆಲ ಹಂಚಿನಂತೆ ಗಟ್ಟಿಯಾಗಿತ್ತು. ಎಲ್ಲರೂ ಅದರ ಮೇಲೆಯೇ ಹೋಗಿದ್ದರು. ನುಣ್ಣಗಿನ ಉಸುಕು ಹಿಟ್ಟಿನಂತೆ ಮೆತ್ತಗಿತ್ತು. ಹಿಂದಿನ ಗಾಲಿ ಹುಗಿಯಿತು. ಊರಲ್ಲಿ ಕೆಸರಿನಿಂದ ಎಬ್ಬಿಸುವಂತೆ ಜೋರಾಗಿ ಎಕ್ಸಿಲರೇಟರ್ ತಿರುವಿದ. ಗಾಲಿ ಇನ್ನಷ್ಟು ಕೆಳಗಿಳಿದು ಇಂಜಿನ್ನೇ ಉಸುಕಿನ ಮೇಲೆ ಕೂತಿತು. ಅಂಗೈಯಿಂದ ತೋಡಿದ. ತೋಡಿದಷ್ಟೂ ಉಸುಕು ಜಾರಿ ಬಂತು. ಬಿಟ್ಟು ಹೋಗಬೇಕೆನಿಸಿತು, ಅದು ಅವನಿಗೆ ಹಳೆಯ ಚಾಳಿ. ನಾಲ್ಕು ಹೆಜ್ಜೆ ಹೋದವನು ತಿರುಗಿ ಬಂದ. ಗಾಡಿಯನ್ನು ಅಡ್ಡ ಮಲಗಿಸಿ, ಗಾಲಿ ತೋಡಿದ ಕುಣಿ ಮುಚ್ಚಿ, ಮೇಲೆ ರುಮಾಲು ಹಾಸಿ, ಎತ್ತಿ ನಿಲ್ಲಿಸಿದ. ಗಟ್ಟಿ ನೆಲಕ್ಕೆ ಬರುವಷ್ಟರಲ್ಲಿ ಹೊತ್ತು ಕೆಂಪಾಗಿತ್ತು.

ಗೇಟು ಮುಚ್ಚಿತ್ತು. ಪಂದ್ಯದ ಸಾಹೇಬ ತಲೆ ಅಲ್ಲಾಡಿಸಿ ಅವನ ಹೆಸರಿಗೆ ಗೆರೆ ಎಳೆದ.

ಮರುದಿನ ಬೆಳಿಗ್ಗೆ ಉಳಿದವರು ಕೊನೆಯ ಹಾದಿಗೆ ಹೋದ ಮೇಲೆ ಹುಲೆಪ್ಪ ಗಾಡಿ ಹೊರಗೆ ತೆಗೆದ.

“ಎಲ್ಲಿಗಲೇ?” ಎಂದ ಮೆಹಬೂಬ.

“ತುದಿಗೆ. ಹಿಂದ ಹತ್ತಿ ಕುಂದ್ರು.”

“ಹುಚ್ಚಾ, ಪಂದ್ಯದಾಗ ಇಬ್ಬರು ಕುಂದ್ರುವಂಗಿಲ್ಲ.”

“ಪಂದ್ಯ ಎಲ್ಲೈತಿ ಈಗ? ಹತ್ತಲೇ ಜಲ್ದಿ!”

ಇಬ್ಬರೂ ಬೇರೆಯವರ ಗಾಲಿಯ ಗುರುತು ಹಿಡಿದು ಹೋದರು. ಇಳಿದು ನೂಕಿದರು, ಜಗಳಾಡಿದರು, ಮತ್ತೆ ಹತ್ತಿದರು. ತುದಿ ಮುಟ್ಟಿದಾಗ ಆಳುಗಳು ಶಾಮಿಯಾನದ ಬಿದಿರು ಬಿಚ್ಚುತ್ತಿದ್ದರು. ಪಂದ್ಯ ಮುಗಿಯುವ ಸುಣ್ಣದ ಗೆರೆ ಎಲ್ಲಿತ್ತೆಂದು ಹುಲೆಪ್ಪ ತನ್ನ ಕಲಬುರಗಿ ಹಿಂದಿಯಲ್ಲಿ ಕೇಳಿದ. ಒಬ್ಬ ಕಾಲಿನಿಂದ ತೋರಿಸಿದ. ಅದನ್ನು ದಾಟಿ ಗಾಡಿ ನಿಲ್ಲಿಸಿದ.

ಊರಿಗೆ ಬಂದ ಮೇಲೆ ಮಾಣಿಕಮ್ಮ ಗಂಡನನ್ನು ಕೇಳಲಿಲ್ಲ. “ಮೆಹಬೂಬಣ್ಣ, ನೀ ಖರೇ ಹೇಳು. ತುದಿ ಮುಟ್ಟಿದ್ರ?”

“ಮುಟ್ಟಿದ್ವಿ ವೈನಿ. ನಾನೂ ಮುಟ್ಟೇನಿ, ಸೊಂಟ ಮುರಕೊಂಡು. ಆದ್ರ ಇವನ ಹೆಸರ ಹಿಂದಿನ ದಿನಾನ ಹೊಡದ ಹಾಕಿದ್ರು.”

ಮಾಣಿಕಮ್ಮ ಗಂಡನ ಕಡೆ ತಿರುಗಿದಳು. “ತುದಿ ಮುಟ್ಟಿ ಬರ್ರಿ ಅಂದಿದ್ದೆ. ಹೆಸರ ತರ್ರಿ ಅಂದಿದ್ದಿಲ್ಲ. ಫಟಫಟಿ ಇರ್ಲಿ.”

ಮೆಹಬೂಬ ನಿಟ್ಟುಸಿರು ಬಿಟ್ಟು ಚಹಾ ಕೇಳಿದ. ಹುಲೆಪ್ಪನ ಚಹಾ ಮಾತ್ರ ಕೆನೆಗಟ್ಟಿತು.

“ಎಡಕ್ಕ ಹೋಗಬೇಕಿತ್ತು,” ಎಂದ ಹುಲೆಪ್ಪ.

“ಮುಗೀತಲ್ರಿ. ಇನ್ನೇನು?”

“ನಿನಗ ಮುಗೀತು ಬೇ. ನನಗ ಮುಗಿದಿಲ್ಲ.”

ಮರುದಿನವೇ ಅಫಜಲಪುರದ ಕಡೆ ಹೋಗಿ ಭೀಮಾ ನದಿಯ ಒಡ್ಡಿಳಿದ. ನೀರು ಒಂದು ದಂಡೆಗೆ ಸರಿದು, ಉಳಿದುದೆಲ್ಲ ಉಸುಕು. ಗಾಲಿ ಹುಗಿಯಿತು. ಗಾಡಿ ಮಲಗಿಸಿ, ಕುಣಿ ಮುಚ್ಚಿ, ಎತ್ತಿ, ಮತ್ತೆ ಹತ್ತಿದ. ಮತ್ತೆ ಹುಗಿಯಿತು. ಅರಿವೆ ಒಗೆಯುತ್ತಿದ್ದ ಮುದುಕಿ ತನ್ನ ಸೀರೆಯನ್ನು ಅವನ ಗಾಲಿಯಿಂದ ಆಚೆ ಎಳೆದುಕೊಂಡು ಕೂಗಿದಳು:

“ಯಪ್ಪಾ, ಹಾದಿ ಮ್ಯಾಗೈತಿ! ಇಲ್ಲಿ ಬಂದು ಯಾಕ ಸಾಯಾಕತ್ತೀದಿ?”

“ಹಾದಿ ಬ್ಯಾಡ ಯವ್ವಾ, ಉಸುಕ ಬೇಕು,” ಎಂದು ಹುಲೆಪ್ಪ ಇನ್ನೊಮ್ಮೆ ಕಿಕ್ ಹೊಡೆದ.