ಬೋರ್ಡು ಬರೆಯುವವನ ಮಧ್ಯಾಹ್ನ

ಹುಣಸೂರಿನಲ್ಲಿ ನಾನು ಬೋರ್ಡು ಬರೆಯುವವನು. ಫ್ಲೆಕ್ಸ್ ಬಂದ ಮೇಲೆ ನಮ್ಮ ಕಸುಬು ಮುಗಿಯಿತು ಅಂತ ಎಲ್ಲರೂ ಅಂದುಕೊಂಡಿದ್ದರು, ನಾನೂ ಅಂದುಕೊಂಡಿದ್ದೆ. ಆದರೆ ಟ್ರ್ಯಾಕ್ಟರ್ ಟ್ರೈಲರಿಗೆ, ಶಾಲೆಯ ಗೋಡೆಗೆ, ಹಳ್ಳಿಯ ಡೈರಿಗೆ ಇವತ್ತಿಗೂ ಬ್ರಷ್ಷೇ ಬೇಕು. ಫ್ಲೆಕ್ಸು ಒಂದೆರಡು ಮಳೆಗಾಲ ಕಂಡು ಯಾರದೋ ಕೊಟ್ಟಿಗೆಯ ಸೂರಿಗೆ ಹೊದಿಕೆಯಾಗುತ್ತದೆ, ಬಣ್ಣ ಗೋಡೆಯಲ್ಲೇ ಇರುತ್ತದೆ. ಹಾಗಾಗಿ ನನಗೆ ಕೆಲಸವಿಲ್ಲ ಅನ್ನುವ ಕಷ್ಟ ಬರಲಿಲ್ಲ. ಬಂದ ಕೆಲಸ ಯಾವುದನ್ನೂ ಬೇಡ ಅನ್ನಲಾರದ ಕಷ್ಟ ಬಂತು.

ಬೆಳಗಾಗುತ್ತಲೇ ಬಣ್ಣದ ಡಬ್ಬಗಳನ್ನು ಬೈಕಿಗೆ ನೇತುಹಾಕಿಕೊಂಡು ಹೊರಟುಬಿಡುತ್ತಿದ್ದೆ. ಒಂದು ಊರಿನ ಗೋಡೆ ಒಣಗುವಷ್ಟರಲ್ಲಿ ಇನ್ನೊಂದು ಊರು. ಊಟ ಅಂದರೆ ನಿಂತುಕೊಂಡೇ ತಿಂದ ಬನ್ನು. ಸಂಜೆ ಬೆಳಕು ಸಾಲದಿದ್ದರೆ ಬೈಕಿನ ಲೈಟು ಹಾಕಿಕೊಂಡು ಬರೆದದ್ದೂ ಉಂಟು. ಹೆಂಡತಿ ಕೇಳಿದರೆ, "ಸೀಜನ್ ಕಣೆ, ಮುಗೀಲಿ" ಅನ್ನುತ್ತಿದ್ದೆ.

"ನಿಮ್ ಸೀಜನ್ನು ಯುಗಾದಿಗೆ ಸುರುವಾಗಿ ಯುಗಾದಿಗೆ ಮುಗೀತದೆ" ಅನ್ನುತ್ತಿದ್ದಳು ಅವಳು.

ಒಂದು ದಿನ ಹನಗೋಡಿನ ಹತ್ತಿರದ ಹಳ್ಳಿಯೊಂದರಲ್ಲಿ ಎರಡು ಕೆಲಸ ಒಪ್ಪಿಕೊಂಡಿದ್ದೆ. ಬೆಳಿಗ್ಗೆಯಿಂದ ಶಾಲೆಯ ಕಾಂಪೌಂಡಿನ ಮೇಲೆ 'ಗಿಡ ಬೆಳೆಸಿ, ಮಳೆ ಗಳಿಸಿ, ಇಳೆ ಉಳಿಸಿ' ಅಂತ ಉದ್ದಕ್ಕೂ ಬರೆದೆ. ಮಧ್ಯಾಹ್ನ ನೆತ್ತಿ ಸುಡುವ ಬಿಸಿಲಿನಲ್ಲೇ ಹೆಂಗಸರ ಡೈರಿಗೆ ಬಂದು ಏಣಿ ಹತ್ತಿದೆ. ಕೈಗೆ ಆಗಲೇ ಳ ಬರೆದು ಬರೆದು ರೂಢಿಯಾಗಿತ್ತು. ಕಣ್ಣು ಮಂಜಾಗಿತ್ತು. ಬರೆದು ಇಳಿದು ಬ್ರಷ್ ಒರೆಸುತ್ತಿದ್ದೆ. ಖಾಲಿ ಕ್ಯಾನು ತೆಗೆದುಕೊಂಡು ಹೋಗಲು ಬಂದ ಹೆಂಗಸೊಬ್ಬಳು ಮೇಲೆ ನೋಡಿ ಗಟ್ಟಿಯಾಗಿ ಓದಿದಳು: "ಮಹಿಳಾ ಹಾಳು ಉತ್ಪಾದಕರ ಸಂಘ."

ಒಳಗಿದ್ದವರೆಲ್ಲ ಹೊರಗೆ ಬಂದರು. ಒಬ್ಬಳು ಸೆರಗು ಬಾಯಿಗಿಟ್ಟುಕೊಂಡು, "ನಮ್ಮತ್ತೆ ದಿನಾ ಹೇಳೋದನ್ನೇ ಬರ್ದವ್ರೆ, ಬುಡವ್ವ" ಅಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು.

ನಾನು ಬಟ್ಟೆಗೆ ತಿನ್ನರ್ ಸುರಿದುಕೊಂಡು ಮತ್ತೆ ಏಣಿ ಹತ್ತಿದೆ. ಳ ಅಳಿಸಲು ಹೋಗಿ ಪಕ್ಕದ ಉ ಅಕ್ಷರವನ್ನೂ ಒರೆಸಿಬಿಟ್ಟೆ. ಆಗ ಸಂಘದ ಅಧ್ಯಕ್ಷೆ, ನನ್ನ ತಾಯಿಯ ವಯಸ್ಸಿನಾಕೆ, ಕೆಳಗಿನಿಂದ ಕರೆದರು.

"ಬ್ರಸ್ ಮಡಗಿ ಇಳಿ ಮಗ. ಉಂಡಿದ್ದೀಯಾ?"

"ಇದೊಂದು ಮುಗಿಸ್ಬುಟ್ಟು ಉಣ್ತೀನಿ ಕಣವ್ವ."

"ಹಸ ದಿನಕ್ಕೆ ಎಷ್ಟೊತ್ತು ಹಾಲು ಕೊಡ್ತದೆ?"

"ಎಲ್ಡೊತ್ತು."

"ಉಳಿದ ಒತ್ತು ಏನ್ ಮಾಡ್ತದೆ?"

"ಮಲಿಕಂಡು ಮೆಲುಕಾಕ್ತದೆ."

"ಮತ್ತೆ? ಮೆಲುಕಾಕಾಕೂ ಬುಡದೆ ದಿನವೆಲ್ಲ ಕೆಚ್ಚಲು ಎಳೀತಾ ಕೂತ್ರೆ ಹಾಲು ಬರಾಕಿಲ್ಲ, ಒದೆ ಬತ್ತದೆ. ಬಾ, ಉಂಡು ಮಲಿಕ."

ಅವರ ಮನೆಯಲ್ಲಿ ಮುದ್ದೆ, ಹುರುಳಿಕಾಳಿನ ಸಾರು ಉಂಡೆ. ಡೈರಿಯ ಜಗಲಿಯ ಮೇಲೆ ಚಾಪೆ ಹಾಸಿಕೊಟ್ಟರು. ಹತ್ತು ನಿಮಿಷ ಅಂದುಕೊಂಡು ಒರಗಿದವನಿಗೆ ಎಚ್ಚರವಾದದ್ದು ಸಂಜೆಯ ಹಾಲು ಹಾಕುವವರ ಕ್ಯಾನಿನ ಸದ್ದಿಗೆ. ಟೀ ಕುಡಿದು ಏಣಿ ಹತ್ತಿದೆ. ಕೈ ಹಗುರವಾಗಿತ್ತು. ಇಡೀ ಸಾಲನ್ನು ಅಳಿಸಿ ಮತ್ತೆ ಬರೆದೆ. ಅಕ್ಷರಗಳು ಮಣಿ ಪೋಣಿಸಿದ ಹಾಗೆ ಕೂತವು. ಹಾಲು ಅಳೆದು ಮುಗಿಯುವ ಮುಂಚೆ ನನ್ನ ಕೆಲಸ ಮುಗಿದಿತ್ತು.

ಮನೆಗೆ ಬಂದು ಹೇಳಿದಾಗ ಹೆಂಡತಿ ಮೊದಲು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು, "ಅಂಗಾದ್ರೆ ನಾಳೆಯಿಂದ ಮಧ್ಯಾಹ್ನದ ಊಟಕ್ಕೆ ಮನೆಗೆ ಬನ್ನಿ. ಉಂಡ ಮ್ಯಾಲೆ ಬ್ರಷ್ ಮುಟ್ಟಂಗಿಲ್ಲ" ಅಂದಳು.

"ಅರ್ಧ ದಿನ ಕೂತ್ರೆ ಸಂಸಾರ ನಡೀತದಾ?"

"ಒಂದು ತಿಂಗಳು ನೋಡಾನ. ನಡೀದಿದ್ರೆ ಮತ್ತೆ ಬೈಕಿನ ಲೈಟು ಇದ್ದೇ ಅದಲ್ಲ."

ಸುಮ್ಮನಿರುವುದು ಇಷ್ಟು ಕಷ್ಟ ಅಂತ ನನಗೆ ಗೊತ್ತಿರಲಿಲ್ಲ. ಮಲಗಿದರೆ ಸೂರಿನ ಹಂಚು ಎಣಿಸುತ್ತಿದ್ದೆ. ಫೋನು ಬಂದರೆ ಅಂಗಿ ಹಾಕಿಕೊಳ್ಳುತ್ತಿದ್ದೆ. ಅವಳು ಫೋನನ್ನು ಅಕ್ಕಿ ಡಬ್ಬದೊಳಗೆ ಇಟ್ಟಳು. ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದು, ಹುಣಸೆ ಬೀಜ ಉಜ್ಜಿ, ನನ್ನನ್ನು ಎದುರಿಗೆ ಕೂರಿಸಿದಳು. ಮದುವೆಯಾಗಿ ಇಷ್ಟು ವರ್ಷವಾದರೂ ಅವಳು ಇಷ್ಟು ಚೆನ್ನಾಗಿ ಆಡುತ್ತಾಳೆ ಅಂತ ತಿಳಿದಿರಲಿಲ್ಲ. ಕನಿಕರವೇ ಇಲ್ಲದೆ ನನ್ನ ಕಾಯಿ ಕಡಿಯುತ್ತಿದ್ದಳು. ಸೋತು, ಗೊಣಗಿ, ಅಲ್ಲೇ ಒರಗಿದರೆ ನಿದ್ದೆ ತಾನಾಗಿ ಬರುತ್ತಿತ್ತು. ಸಂಜೆ ಲಕ್ಷ್ಮಣತೀರ್ಥದ ದಡದವರೆಗೆ ನಡೆದು ಹೋಗಿ ಕಲ್ಲಿನ ಮೇಲೆ ಕೂತು ಬರುತ್ತಿದ್ದೆ.

ಹೀಗೆ ಕೂತಿದ್ದಾಗ ಒಂದು ಮಿಂಚುಳ್ಳಿ ದಿನಾ ಅದೇ ಕೊಂಬೆಗೆ ಬಂದು ಕೂರುವುದನ್ನು ಗಮನಿಸಿದೆ. ಬಹಳ ಹೊತ್ತು ಅಲುಗಾಡುತ್ತಿರಲಿಲ್ಲ. ಆಮೇಲೆ ನೀರಿಗೆ ಬಿದ್ದು ಮೀನು ಕಚ್ಚಿಕೊಂಡು ಏಳುತ್ತಿತ್ತು. ಅದರ ಬೆನ್ನಿನ ನೀಲಿಯನ್ನು ಯಾವ ಡಬ್ಬದಿಂದ ತೆಗೆಯಬಹುದು ಅಂತ ಮನಸ್ಸಿನಲ್ಲೇ ಬಣ್ಣ ಬೆರೆಸುತ್ತಿದ್ದೆ.

ಅದೇ ತಿಂಗಳು ಬೆಟ್ಟದಪುರದ ಕಡೆಯ ಶಾಲೆಯೊಂದರಿಂದ ಗೋಡೆಯ ಕೆಲಸ ಬಂತು. ಮಧ್ಯಾಹ್ನದವರೆಗೆ ಮಾತ್ರ ಕೆಲಸ ಮಾಡುತ್ತೇನೆ ಅಂದಾಗ ಮುಖ್ಯೋಪಾಧ್ಯಾಯಿನಿಯ ಮುಖ ಸಣ್ಣದಾಯಿತು. "ಶಾಲೆ ಶುರುವಾಗೋದ್ರೊಳಗೆ ಆಗಲೇಬೇಕು ಕಣ್ರೀ" ಅಂದರು. ಆಗುತ್ತದೆ ಅಂದೆ, ನನಗೂ ಪೂರ್ತಿ ನಂಬಿಕೆ ಇರಲಿಲ್ಲ.

ಕೆಲಸ ಹಿಡಿದ ಮೇಲೆ ಒಂದು ವಿಷಯ ತಿಳಿಯಿತು. ಮುಂಚೆ ಮಧ್ಯಾಹ್ನದ ಮೇಲೆ ನಾನು ಮಾಡುತ್ತಿದ್ದುದರಲ್ಲಿ ಅರ್ಧ, ಮಾರನೆಯ ಬೆಳಿಗ್ಗೆ ಅಳಿಸುವ ಕೆಲಸ. ಸಾಲು ಓರೆಯಾಗುತ್ತಿತ್ತು, ಕೊನೆಯ ಅಕ್ಷರಕ್ಕೆ ಜಾಗ ಸಾಲುತ್ತಿರಲಿಲ್ಲ. ಈಗ ಬೆಳಿಗ್ಗೆ ಹೊಸದಾಗಿ ಶುರು ಮಾಡುತ್ತಿದ್ದೆ, ತಿದ್ದುವುದೇ ಇರಲಿಲ್ಲ. ಗೋಡೆ ಹೇಳಿದ್ದಕ್ಕಿಂತ ಮುಂಚೆಯೇ ಮುಗಿಯಿತು. ಎಲ್ಲ ಶಾಲೆಗೂ ಬರೆಯುತ್ತಿದ್ದ ಅದೇ ಹಳೆಯ ಗಿಣಿಯ ಬದಲು ಗೇಟಿನ ಪಕ್ಕ ಮಿಂಚುಳ್ಳಿ ಬರೆದಿದ್ದೆ. ಮುಖ್ಯೋಪಾಧ್ಯಾಯಿನಿ ಅದರ ಮುಂದೆ ನಿಂತು, "ಇದನ್ನ ಎಲ್ಲಿ ನೋಡಿ ಬರೆದ್ರಿ?" ಅಂದರು.

"ಕೆಲ್ಸ ಇಲ್ದಾಗ ನೋಡಿದ್ದು ಮೇಡಂ" ಅಂದೆ.

ಆ ಹಕ್ಕಿಯನ್ನು ನೋಡಿ ಪಿರಿಯಾಪಟ್ಟಣದ ಇನ್ನೆರಡು ಶಾಲೆಯವರು ಕರೆದರು. ತಿಂಗಳು ಮುಗಿದದ್ದು ನಮ್ಮಿಬ್ಬರಿಗೂ ಗೊತ್ತಾಗಲೇ ಇಲ್ಲ. ಬೈಕಿನ ಲೈಟಿನ ಮಾತನ್ನು ಯಾರೂ ಎತ್ತಲಿಲ್ಲ.

ಮೊನ್ನೆ ಭೇರ್ಯದ ಕಡೆಯ ರೈತರೊಬ್ಬರು ಹೊಸ ಟ್ರೈಲರನ್ನು ಟ್ರ್ಯಾಕ್ಟರಿಗೆ ಕಟ್ಟಿಕೊಂಡು ನಾವು ಉಂಡು ಕೂತ ಹೊತ್ತಿಗೆ ಬಂದರು. ಹಿಂಬದಿಗೆ ಮನೆದೇವರ ಹೆಸರು ಈಗಲೇ ಬರೆಯಬೇಕು ಅಂದರು.

"ಬೆಳಿಗ್ಗೆ ಬರ್ಕೊಡ್ತಾರೆ ಕಣಣ್ಣ. ಈಗ ಕೂತ್ಕಳಿ" ಅಂತ ಹೆಂಡತಿ ಮಜ್ಜಿಗೆ ಕೊಟ್ಟಳು.

"ಅಷ್ಟು ದೂರದಿಂದ ಬಂದಿದ್ದೀನಿ ಕಣವ್ವ" ಅನ್ನುತ್ತಲೇ ಅವರು ಜಗಲಿಯ ಮೇಲೆ ಕೂತರು. ಕಣ್ಣು ಚೌಕಾಬಾರದ ಮನೆಯ ಮೇಲೆ ಹೋಯಿತು. "ನಮ್ಮಕ್ಕನ ಜೊತೆ ಆಡ್ತಿದ್ದೆ" ಅಂದರು. ಸ್ವಲ್ಪ ಹೊತ್ತಿಗೆ ನನ್ನ ಜಾಗದಲ್ಲಿ ಅವರೇ ಆಡುತ್ತಿದ್ದರು. ಮೊದಲ ಆಟ ಸೋತ ಮೇಲೆ ಮನೆಗೆ ಫೋನು ಮಾಡಿ, "ಟ್ರೈಲರ್ ಇವತ್ತು ಇಲ್ಲೇ ಬುಟ್ಟು ಬತ್ತೀನಿ, ಬಣ್ಣ ಒಣಗಬೇಕಂತೆ" ಅಂದರು. ಬಣ್ಣದ ಡಬ್ಬದ ಮುಚ್ಚಳ ಇನ್ನೂ ತೆಗೆದಿರಲಿಲ್ಲ.

"ಇನ್ನೊಂದಾಟ ಹೂಡವ್ವ" ಅಂದರು. ಹೆಂಡತಿ ಬೀಜ ಕೈಗೆತ್ತಿಕೊಂಡಳು. ನಾನು ಒಳಗೆ ಹೋಗಿ ಚಾಪೆ ಬಿಡಿಸಿದೆ.