ಎಳಿ ಹರೀತು

ಎಂಬತ್ತರ ದಶಕದಲ್ಲಿ ಬೆಟಗೇರಿಯ ನೇಕಾರರ ಮನೆಯೊಂದರಲ್ಲಿ ಖೋಲಿ ಹಿಡಿದು ವಿಡಿಯೋ ಗೇಮ್ ಇಟ್ಟಿದ್ದೆ. ಅದು ನಾಣ್ಯ ಹಾಕಿ ಆಡುವ, ಟಿವಿಯಂಥ ಪೆಟ್ಟಿಗೆ. ಒಂದು ಆಟಕ್ಕೆ ಮೂರು ಜೀವ. ಜೀವ ಎಂದರೆ ಅವಕಾಶ, ಅಷ್ಟೇ. ಆಡುವವರು ಮಾತ್ರ "ಜೀವ ಹೋತಲೇ!" ಎಂದು ಕೂಗುತ್ತಿದ್ದರು.

ಮನೆಯೊಡತಿ ಅಜ್ಜಿ ಮಗ್ಗ ಬಿಟ್ಟು ಬಂದರು. "ಹಗಲೆಲ್ಲಾ ಜೀವ ಹೋತು ಅಂದ್ರ ಮನಿಗೆ ಚಲೋ ಅಲ್ಲ. ಖೋಲಿ ಖಾಲಿ ಮಾಡ್ರಿ."

ನನಗೆ ಬೇರೆ ಜಾಗವಿರಲಿಲ್ಲ. "ಆಟದಾಗಿನ ಜೀವರಿ ಅಜ್ಜಿ, ಒಂದು ಹೋದ್ರ ಇನ್ನೊಂದು ಬರ್ತೈತಿ," ಎಂದೆ.

"ಹಂಗಾರ 'ಎಳಿ ಹರೀತು' ಅನ್ನಾಕ ಹೇಳ್ರಿ. ನಾವೂ ಗಂಟು ಹಾಕಿ ಮತ್ತ ನೇಯ್ತೀವಲ್ಲ?" ಎಳಿ ಎಂದರೆ ನೂಲಿನ ಎಳೆ.

ಹಾಗೇ ಹೇಳಿಸಿದೆ, ಅಂಗಡಿ ಉಳಿಯಿತು. ಈಗ ಹಳೆಯ ಗೇಮ್‌ಗಳ ಇತಿಹಾಸ ಬರೆಯುತ್ತಿದ್ದೇನೆ. ಅಜ್ಜಿಯ ಪುಣ್ಯದಿಂದ, ಬೆಟಗೇರಿಯ ಗೇಮಿನಲ್ಲಿ ಯಾರೂ ಸಾಯಲಿಲ್ಲ ಎಂದೇ ಬರೆದಿದ್ದೇನೆ.