ಸುಂಕಣ್ಣ ಕೇಳಿದ ನಂಬರು

ಕುರುಗೋಡಿನ ಸುಂಕಣ್ಣ ಹೊಲಿದ ಮೆಟ್ಟು ಕಲ್ಲಿಗೂ ಜಗ್ಗುತ್ತಿರಲಿಲ್ಲ, ಮುಳ್ಳಿಗೂ ಜಗ್ಗುತ್ತಿರಲಿಲ್ಲ. ಅವನ ಹೆಂಡತಿ ಹುಲುಗಮ್ಮನ ತವರು ತುಂಗಭದ್ರೆಯ ಆಚೆ, ನಿಜಾಮನ ಸೀಮೆಯಲ್ಲಿ. ಈ ಕಡೆಯವರು ಅದನ್ನು ಮೊಗಲಾಯಿ ಎನ್ನುತ್ತಿದ್ದರು. ಮದುವೆಯಾದ ಹೊಸತರಲ್ಲಿ ಮಾವನಿಗೆಂದು ಅವನು ಒಯ್ದ ಜೋಡನ್ನು ನೋಡಿ ಅಲ್ಲಿನ ಕುರಿಗಾರರೂ ಗಾಡಿ ಹೊಡೆಯುವವರೂ ತಮಗೂ ಬೇಕೆಂದು ದುಂಬಾಲು ಬಿದ್ದಿದ್ದರು.

ಆದರೆ ಯುದ್ಧದ ಕಾಲ ಅದು. ತೊಗಲಿನ ಸಾಮಾನು ಹೊಳೆ ದಾಟಬೇಕೆಂದರೆ ವ್ಯಾಪಾರಿಯ ಹೆಸರು ಬಳ್ಳಾರಿಯ ಸುಂಕದ ಕಚೇರಿಯಲ್ಲಿ ದಾಖಲಾಗಿ, ಅವನಿಗೊಂದು ನಂಬರು ಸಿಕ್ಕಿರಬೇಕು. ನಂಬರಿಲ್ಲದ ಮೂಟೆಯನ್ನು ಹೊಳೆದಂಡೆಯ ನಾಕಾದಲ್ಲೇ ಇಳಿಸಿಕೊಳ್ಳುತ್ತಿದ್ದರು. ಹೀಗಾಗಿ ಸುಂಕಣ್ಣನ ಮೆಟ್ಟುಗಳು ಸಿರುಗುಪ್ಪದ ವರ್ತಕ ಹಾಲಸಿದ್ದಪ್ಪನ ನಂಬರಿನ ಮೇಲೆ, ಹಾಲಸಿದ್ದಪ್ಪನ ಮಾಲೆಂದೇ ಆಚೆಗೆ ಹೋಗತೊಡಗಿದವು.

"ಹೊಲಿಯಾಂವ ನೀನು, ಹೆಸರು ಸಾವ್ಕಾರಂದು. ನಿನಗ್ಯಾಕ ಒಂದು ನಂಬರು ಕೊಡಂಗಿಲ್ಲ ಕಚೇರಿಯೋರು? ಹೋಗಿ ಕೇಳು," ಎಂದಳು ಹುಲುಗಮ್ಮ.

ಸುಂಕಣ್ಣ ಒಗೆದ ಪಂಚೆ ಉಟ್ಟು ಬಳ್ಳಾರಿಗೆ ಹೋದ. ಕಚೇರಿಯ ಮೆಟ್ಟಿಲ ಕೆಳಗೆ ನಿಂತವನನ್ನು ಗುಮಾಸ್ತ ಮಧ್ಯಾಹ್ನದ ಹೊತ್ತಿಗೆ ಕರೆದ. ಹೆಸರು ಕೇಳಿ ನಕ್ಕ.

"ಸುಂಕದ ಕಚೇರಿಗೆ ಸುಂಕಣ್ಣನೇ ಬಂದಾನಲ್ಲಪ! ಅಂಗಡಿ ಎಲ್ಲೈತಿ?"

"ಮನಿಯಾಗ ಹೊಲೀತೀನ್ರಿ ಬುದ್ದಿ."

"ಮನಿ ಎಲ್ಲಿ?"

"ಕೇರ್ಯಾಗರಿ."

ಗುಮಾಸ್ತ ಶಾಯಿಗೆ ಅದ್ದಿದ್ದ ಲೇಖನಿಯನ್ನು ಹಾಗೇ ಕೆಳಗಿಟ್ಟ. "ಕೇರಿ ವ್ಯಾಪಾರದ ಜಾಗ ಅಲ್ಲ. ಬಜಾರದಾಗ ಅಂಗಡಿ ತೋರಿಸು. ನಮ್ಮೋರು ಬಂದು ನೋಡ್ತಾರ. ಆಮ್ಯಾಲೆ ನಂಬರಿನ ಮಾತು."

ಕುರುಗೋಡಿನ ಬಜಾರದಲ್ಲಿ ಕೇರಿಯವನಿಗೆ ಅಂಗಡಿ ಯಾರು ಕೊಟ್ಟಾರು? ಕೇಳಿದ ಕಡೆಯೆಲ್ಲ ನಕ್ಕು ಕಳಿಸಿದರು. ಕಡೆಗೆ ಸುಂಕಣ್ಣ ಧೈರ್ಯ ಮಾಡಿ ಹಾಲಸಿದ್ದಪ್ಪನನ್ನೇ ಕೇಳಿದ. ಹಾಲಸಿದ್ದಪ್ಪ ಕೆಟ್ಟವನಲ್ಲ. ಎಲೆ ಅಡಿಕೆ ಜಗಿಯುತ್ತ ಬಹಳ ಹೊತ್ತು ಯೋಚಿಸಿದ.

"ನನ್ನ ಅಂಗಡಿ ಹಿಂದಿನ ಚಪ್ಪರ ನಿಂದು ಅಂತ ಬರೆಸು. ನೋಡಾಕ ಬಂದ್ರ ನಾ ಹೇಳ್ತೀನಿ. ಆದ್ರ ನೀ ಅಲ್ಲಿ ಕುಂದ್ರಂಗಿಲ್ಲ ನೋಡು."

ಅಷ್ಟೇ ಸಾಕಾಗಿತ್ತು ಸುಂಕಣ್ಣನಿಗೆ. ಅರ್ಜಿ ಹೋಯಿತು. ಹುಲುಗಮ್ಮ ನೀರಿಗೆ ಹೋದಲ್ಲೆಲ್ಲ "ಸಿರುಗುಪ್ಪದಾಗ ನಮ್ಮ ಅಂಗಡಿ" ಎನ್ನತೊಡಗಿದಳು.

ಸುಂಕದ ಅಮಲ್ದಾರ ಅಂಗಡಿಯ ಪರೀಕ್ಷೆಗೆ ಬಂದ ದಿನ ಸುಂಕಣ್ಣ ಚಪ್ಪರದ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ. ಅಂಗಡಿಯ ಕಟ್ಟೆಯ ಮೇಲೆ ಹತ್ತಿ ವ್ಯಾಪಾರದ ಹಿರಿಯರು ನಾಲ್ಕಾರು ಮಂದಿ ಕೂತಿದ್ದರು.

"ಇಲ್ಲಿ ಸುಂಕಣ್ಣ ಅನ್ನೋನ ಅಂಗಡಿ ಐತೇನ್ರಿ?" ಎಂದು ಅಮಲ್ದಾರ ಕೇಳಿದ.

ಕಟ್ಟೆಯ ಮೇಲಿದ್ದವರೆಲ್ಲ ಹಾಲಸಿದ್ದಪ್ಪನತ್ತ ತಿರುಗಿದರು. ಹಾಲಸಿದ್ದಪ್ಪನ ಮುಖ ಕೆಂಪಾಯಿತು. "ಅಂಗಡಿ ನಂದಾರಿ. ಇಂವ ನಮಗ ಮೆಟ್ಟು ಹೊಲಿದು ಕೊಡಾಂವ," ಎಂದ.

ಅಮಲ್ದಾರ ಸುಂಕಣ್ಣನತ್ತ ನೋಡಿದ. ಸಾವ್ಕಾರನ ಮಾತು ಸುಳ್ಳೆಂದರೆ ನಾಳೆಯಿಂದ ತನ್ನ ಮಾಲು ಒಯ್ಯುವವರು ಯಾರು? ಸುಂಕಣ್ಣ ತಲೆ ತಗ್ಗಿಸಿದ. ಅರ್ಜಿ ಅಲ್ಲಿಗೇ ಮುಗಿಯಿತು.

ಸಂಜೆ ಹಾಲಸಿದ್ದಪ್ಪ ಅಂಗಡಿಯ ಹಿತ್ತಲಿಗೆ ಬಂದು ಸಣ್ಣ ದನಿಯಲ್ಲಿ ಹೇಳಿದ: "ಅವರೆಲ್ಲ ಕುಂತಿದ್ರಲ್ಲೋ. ನಾ ಏನು ಮಾಡ್ಲಿ?"

"ನಿಮ್ದೇನೂ ತಪ್ಪಿಲ್ರಿ ಸಾವ್ಕಾರ್ರ," ಎಂದ ಸುಂಕಣ್ಣ. ಮನೆಗೆ ಬಂದು ಹುಲುಗಮ್ಮನಿಗೂ ಹಾಗೆಯೇ ಹೇಳಿದ.

ಆಮೇಲೆ ರಜಾಕಾರರ ಗಲಾಟೆ ಹೆಚ್ಚಿ ಹೊಳೆ ದಾಟುವುದೇ ಬಂದ್ ಆಯಿತು. ಹುಲುಗಮ್ಮನ ಅಪ್ಪ ತೀರಿಕೊಂಡ ಸುದ್ದಿ ಮಣ್ಣಾಗಿ ತಿಂಗಳುಗಳಾದ ಮೇಲೆ ಬಂತು. ದಿಲ್ಲಿಯ ದಂಡು ಹೋಗಿ ನಿಜಾಮನ ಆಳ್ವಿಕೆ ಮುಗಿಯಿತು. ಹರಿಗೋಲುಗಳು ಮತ್ತೆ ನೀರಿಗಿಳಿದವು. ಹಾಲಸಿದ್ದಪ್ಪನ ಮೂಟೆಗಳೂ ಹೊರಟವು. ಇನ್ನೂ ಕೆಲವು ವರ್ಷ ಕಳೆದು ಒಂದು ದಿನ ನಾಕಾದವರೇ ಹೇಳಿದರು: "ಇನ್ನ ನಂಬರು ಗಿಂಬರು ಏನೂ ಬ್ಯಾಡ. ಯಾರು ಬೇಕಾದ್ರೂ ಒಯ್ಬೋದು."

ಗಂಡಹೆಂಡಿರು ಆ ಬೇಸಿಗೆಯೆಲ್ಲ ದುಡಿದು ಒಂದು ಮೂಟೆ ಮೆಟ್ಟು ಹೊಂದಿಸಿಕೊಂಡು ಆಚೆ, ತವರಿನಿಂದ ದೂರದ ದೊಡ್ಡ ಸಂತೆಗೆ ಹೋದರು. ಗೋಣಿ ಹಾಸಿ ಜೋಡಿಸಿದ ಕೂಡಲೇ ಒಬ್ಬ ಕುರಿಗಾರ ಬಂದು ಒಂದನ್ನೆತ್ತಿ ಹೊಲಿಗೆ ತಿರುವಿ ನೋಡಿದ.

"ಇವು ಸಿರುಗುಪ್ಪದ ಹಾಲಸಿದ್ದಪ್ಪ ಸಾವ್ಕಾರನ ಮೆಟ್ಟು. ನಿನ್ನ ಕೈಗೆ ಹ್ಯಾಂಗ ಬಂದುವಲೇ?"

ಜನ ಕೂಡಿತು. "ಇಂವ ನನ್ನ ಗಂಡ. ಇವನೇ ಹೊಲಿದಾನ್ರೀ! ಅಷ್ಟೂ ಇವನೇ ಹೊಲಿದಾನ!" ಎಂದು ಹುಲುಗಮ್ಮ ಕೂಗಿದಳು. ಯಾರೋ ನಕ್ಕರು. ಅವಳ ಅಪ್ಪನಿದ್ದಿದ್ದರೆ ಬಂದು ಸಾಕ್ಷಿ ಹೇಳುತ್ತಿದ್ದ. ಸಂತೆಯ ಹಿರಿಯ ಮೂಟೆಯನ್ನು ತನ್ನ ಕಡೆ ಎಳೆದುಕೊಂಡು, "ಸಾವ್ಕಾರನ್ನ ಕರ್ಕೊಂಬಾ. ಅವ ಹ್ಞೂಂ ಅಂದ್ರ ಒಯ್ಯಿ," ಎಂದ. ಹುಲುಗಮ್ಮ ಇನ್ನೂ ಕೂಗುತ್ತಿದ್ದಳು. ಸುಂಕಣ್ಣ ಅವಳ ರಟ್ಟೆ ಹಿಡಿದು ಹೊಳೆಯ ಕಡೆ ನಡೆದ.

ಹಾಲಸಿದ್ದಪ್ಪ ಮಾರನೇ ವಾರ ತಾನೇ ಹೋಗಿ ಮೂಟೆ ಬಿಡಿಸಿಕೊಂಡು ಬಂದ. ಒಳ್ಳೇ ಮನಸ್ಸಿನಿಂದಲೇ ಮಾಡಿದ. "ನಾ ಇರೋತನಕ ನಿನಗ್ಯಾಕಲೇ ಆ ಉಸಾಬರಿ?" ಎಂದ. ಸುಂಕಣ್ಣ ಕೈಮುಗಿದ.

ಅಂದಿನಿಂದ ಅವನು ಹೊಳೆ ದಾಟಲಿಲ್ಲ. ಹುಲುಗಮ್ಮ ಮಾತ್ರ ಅವ್ವನನ್ನು ನೋಡಲು ಆಗಾಗ ಹೋಗುತ್ತಿದ್ದಳು. ಹರಿಗೋಲು ಹತ್ತುವ ಮೊದಲು, ಆಚೆಯವರು ಸಾವ್ಕಾರನದೆನ್ನುವ ತನ್ನ ಗಂಡ ಹೊಲಿದ ಮೆಟ್ಟು ಕಳಚಿ ಈಚೆ ದಂಡೆಯ ಗಿಡದ ಬುಡದಲ್ಲಿ ಬಿಟ್ಟು, ಆಚೆಯ ಕಾದ ಮರಳಲ್ಲಿ ಬರಿಗಾಲಲ್ಲೇ ನಡೆಯುತ್ತಿದ್ದಳು.